ಇಂಗ್ಲೆಂಡಿನವರ ‘ಸ್ವಲ್ಪ’

ಫೋನಿನಲ್ಲಿ ಮಾತು ಕೇಳುವಾಗ ವಿಮಲಕ್ಕ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೋಲ್ಕತ್ತದ ನಮ್ಮ ಕಾಲ್ ಸೆಂಟರಿನಲ್ಲಿ ಅವರು ಟ್ರೇನರ್. ಧಾರವಾಡದವರು, ರೈಲ್ವೆ ನೌಕರರೊಬ್ಬರ ಹೆಂಡತಿ. ಮೈಸೂರಿನಿಂದ ಬಂದ ನನಗೆ ಆಫೀಸಿನಲ್ಲಿ ಕನ್ನಡ ಮಾತಾಡಲು ಅವರೊಬ್ಬರೇ ಇದ್ದರು.

ಬ್ರಿಟನ್ನಿನಿಂದಲೂ ಅಮೆರಿಕದಿಂದಲೂ ನಮಗೆ ಕರೆಗಳು ಬರುತ್ತಿದ್ದವು. ಭಾಷೆ ಒಂದೇ ಎಂದು ಮೋಸಹೋಗಬೇಡ ಎನ್ನುತ್ತಿದ್ದರು ವಿಮಲಕ್ಕ. “ಎಲ್ಲಾರಿಗೂ ಇದೇ ನಿಯಮ ಅಂದ್ರ ಅಮೆರಿಕದಾಂವಗ ಸಿಟ್ಟು ಬರ್ತದ, ತಾ ಎಲ್ಲಾರಂಗಲ್ಲ ಅಂತಾನ. ಇಂಗ್ಲೆಂಡಿನಾಂವಗ ಅದ ಮಾತಿಂದ ಸಮಾಧಾನ. ಮಂದಿಗೆ ತ್ರಾಸ ಆಗಬಾರದು ಅಂತ ಅರ್ಧ ಮಾತು ನುಂಗ್ತಾನ. ಆ ಅರ್ಧ ನೀ ಕೇಳಬೇಕು.”

ಒಂದು ಸಂಜೆ ಇಂಗ್ಲೆಂಡಿನ ಮುದುಕಿಯೊಬ್ಬರು ಇಂಟರ್ನೆಟ್ ಕೆಟ್ಟಿದೆಯೆಂದು ಕರೆ ಮಾಡಿದರು. ನಡುವೆ ತಡೆದು, ಕ್ಷಮಿಸಿ, ಎದೆ ಸ್ವಲ್ಪ ಬಿಗಿದಂತಿದೆ, ನೀವು ಮುಂದುವರಿಸಿ ಎಂದರು. ಪಕ್ಕದಲ್ಲಿ ಕುಳಿತು ಆ ಕರೆಯನ್ನು ಕೇಳುತ್ತಿದ್ದ ವಿಮಲಕ್ಕ ಥಟ್ಟನೆ ಕಣ್ಣು ತೆರೆದು ನನ್ನ ಹೆಡ್‌ಫೋನ್ ಕಿತ್ತುಕೊಂಡರು. ಬಾಗಿಲು ತೆಗೆದಿಟ್ಟು ಕೂರುವಂತೆ ಹೇಳಿ, ನೆರೆಮನೆಯ ನಂಬರು ಕೇಳಿದರು. ನೆರೆಯವರ ಮಧ್ಯಾಹ್ನದ ಊಟದ ಹೊತ್ತು, ತೊಂದರೆ ಕೊಟ್ಟರೆ ಚೆನ್ನಾಗಿರುವುದಿಲ್ಲ ಎಂದು ಮುದುಕಿ ಹಿಂಜರಿದರು. ವಿಮಲಕ್ಕ ಬಿಡದೆ ನಂಬರು ಪಡೆದು, ಇನ್ನೊಂದು ಫೋನಿನಿಂದ ನೆರೆಯವರನ್ನು ಊಟದಿಂದ ಎಬ್ಬಿಸಿದರು. ಅತ್ತ ಕಡೆ ಯಾರೋ ಓಡಿಬಂದ ಸದ್ದು, ಆಂಬುಲೆನ್ಸಿನವರ ದನಿ. ಆಮೇಲೆ ಕರೆ ಕಡಿಯಿತು. ಮುದುಕಿ ಉಳಿದರೋ ಇಲ್ಲವೋ, ನಮಗೆ ತಿಳಿಯಲೇ ಇಲ್ಲ.

ಗಿರಾಕಿಯ ವಿಷಯವನ್ನು ಹೊರಗಿನವರಿಗೆ ಹೇಳಿದ್ದು ನಿಯಮಕ್ಕೆ ವಿರುದ್ಧವಾಗಿತ್ತು. ತಪ್ಪೊಪ್ಪಿಕೊಂಡರೆ ಕೆಲಸ ಉಳಿಯುತ್ತದೆ ಎಂದರು ಮ್ಯಾನೇಜರ್. ವಿಮಲಕ್ಕ ಒಪ್ಪಲಿಲ್ಲ. ಅಂದೇ ಕೆಲಸ ಬಿಟ್ಟರು.

ಕೆಲವು ವಾರಗಳ ನಂತರ ಲೇಕ್ ಗಾರ್ಡನ್ಸ್ ಸ್ಟೇಷನ್ನಿನಲ್ಲಿ ಲೋಕಲ್ ರೈಲಿನಿಂದ ಇಳಿದಾಗ ಬೆಂಚಿನ ಮೇಲೆ ಅವರನ್ನು ಕಂಡೆ. ಇಸ್ತ್ರಿ ಮಾಡಿದ ಸೀರೆ, ತೊಡೆಯ ಮೇಲೆ ಊಟದ ಡಬ್ಬಿ. ಎಲ್ಲಿ ಹೊಸ ಕೆಲಸ ಎಂದು ಕೇಳಿದೆ. ಅವರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

“ಕೆಲಸ ಬಿಟ್ಟದ್ದು ಮನ್ಯಾಗ ಇನ್ನೂ ಹೇಳಿಲ್ಲವ್ವಾ.”

ದಿನಾ ಆಫೀಸಿನ ಹೊತ್ತಿಗೆ ಹೊರಟು ಬಂದು ಇಲ್ಲೇ ಕೂರುತ್ತಿದ್ದರಂತೆ. ಅತ್ತೆ ಏನಂದಾರು, ಸುತ್ತಲಿನ ಕನ್ನಡದ ಮನೆಗಳವರು ಏನೇನು ಕೇಳಿಯಾರು ಎಂಬ ದಿಗಿಲು. ಹಾದುಹೋಗುವ ಪ್ರತಿ ಮುಖವನ್ನೂ ನೋಡುತ್ತಲೇ ಮಾತಾಡುತ್ತಿದ್ದರು.

“ಸಾಹೇಬರ ಮುಂದ ಆಗೂದಿಲ್ಲ ಅನ್ನೂದು ಸರಳಿತ್ತು. ಮನ್ಯಾಗ ಬಾಯೇ ಬರವಲ್ದು.”

“ನಾನೂ ಬರ್ತೀನಿ ಅಕ್ಕ, ಒಟ್ಟಿಗೆ ಹೇಳೋಣ.”

ಬೇಡವೆಂದು ತಲೆಯಾಡಿಸಿದರು. ಎರಡು ರೈಲು ಹೋದವು. ಆಮೇಲೆ ಎದ್ದರು.

ಮುಂದಿನ ತಿಂಗಳು ವಿಮಲಕ್ಕನ ಮನೆಗೆ ಹೋದಾಗ ಅಲ್ಲಿ ಬೇರೆಯವರಿದ್ದರು; ಅವರ ಯಜಮಾನರಿಗೆ ಬೇರೆ ಊರಿಗೆ ವರ್ಗವಾಗಿತ್ತಂತೆ. ಮನೆಯಲ್ಲಿ ಹೇಗೆ ಹೇಳಿದರೋ, ಮನೆಯವರೇನಂದರೋ ಗೊತ್ತಿಲ್ಲ. ನಾನು ಕಂಡದ್ದಿಷ್ಟೆ: ಅಂದು ಬೆಂಚಿನಿಂದೆದ್ದ ವಿಮಲಕ್ಕ ಆಫೀಸು ಬಿಡುವ ಹೊತ್ತಿಗೆ ಕಾಯದೆ, ಇನ್ನೂ ಬಿಸಿಲಿರುವಾಗಲೇ ಮನೆಯ ಕಡೆ ತಿರುಗಿದರು. ಸ್ಟೇಷನ್ನಿನ ಗೇಟಿನ ಬಳಿ ಒಮ್ಮೆ ನಿಂತು ಸೆರಗು ಸರಿಮಾಡಿಕೊಂಡು, ಜನರ ನಡುವೆ ನಡೆದುಹೋದರು.