ಟಾಸಿನಲ್ಲಿ ಮುಗಿದ ಹಂಗಾಮು

ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಸಾಗಿಸಿದ ಬೇಸಿಗೆ ಅನೇಕರಿಗೆ ನೆನಪಿರಬಹುದು. ಅದಕ್ಕೆ ಕೆಲವು ತಿಂಗಳ ಹಿಂದಿನ ಮಾತಿದು. ನಾನಾಗ ಬೀದರ್ ನಗರದ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ಹುದ್ದೆಯ ಹೆಸರು ದೊಡ್ಡದು; ಕೆಲಸವೆಂದರೆ ಬೆಳಿಗ್ಗೆ ಹುಡುಗರನ್ನು ಓಡಿಸುವುದು, ಮಧ್ಯಾಹ್ನ ಹರಿದ ನೆಟ್ ಹೊಲಿಸುವುದು, ರಾಷ್ಟ್ರೀಯ ಹಬ್ಬದ ಮುನ್ನಾದಿನ ಧ್ವಜದ ಹಗ್ಗ ಸರಿಯಿದೆಯೇ ಎಂದು ಎಳೆದು ನೋಡುವುದು. ನೌಕರಿಯಲ್ಲಿ ಸಿಟ್ಟು ಬಂದ ದಿನಗಳು ಬೇಕಾದಷ್ಟಿವೆ. ಭಾಲ್ಕಿಯ ಆ ಒಂದು ಮಧ್ಯಾಹ್ನದ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಆ ವರ್ಷ ಫುಟ್‌ಬಾಲ್ ತಂಡಕ್ಕೆ ಹದಿನೆಂಟು ಹುಡುಗರು ಆಯ್ಕೆಯಾಗಿದ್ದರು. ಮಳೆ ಸತತವಾಗಿ ಕೈಕೊಟ್ಟಿತ್ತು. ನಮ್ಮ ಮೈದಾನದ ಕೆಂಪು ಮಣ್ಣು ಎಷ್ಟು ಗಟ್ಟಿಯಾಗಿತ್ತೆಂದರೆ, ಸ್ಲೈಡಿಂಗ್ ಟ್ಯಾಕಲ್, ಅಂದರೆ ಜಾರಿ ಬಂದು ಚೆಂಡು ಕಸಿಯುವುದನ್ನು, ನಾನೇ ನಿಲ್ಲಿಸಿಬಿಟ್ಟಿದ್ದೆ. ಒಮ್ಮೆ ಜಾರಿದರೆ ತೊಡೆಯ ಚರ್ಮ ಅಲ್ಲೇ ಉಳಿಯುತ್ತಿತ್ತು. ದಸರೆ ಕಳೆದದ್ದೇ ತಡ, ತಂಡ ಕರಗತೊಡಗಿತು. ಕಮಠಾಣದ ಗೋಲ್‌ಕೀಪರ್ ಮನೆಯವರ ಜೊತೆ ಪುಣೆಗೆ ಹೋದ. ಇಬ್ಬರು ಫಾರ್ವರ್ಡ್‌ಗಳು ಕಬ್ಬು ಕಡಿಯಲು ಲಾರಿ ಹತ್ತಿದರು. ಸೋಮವಾರ ಅಭ್ಯಾಸಕ್ಕೆ ಯಾರು ಬಂದಿಲ್ಲವೋ ಅವರು ಊರು ಬಿಟ್ಟಿದ್ದಾರೆ ಎಂದೇ ಅರ್ಥ. ಔರಾದಿನ ಕಾಲೇಜನ್ನು ಅವರದೇ ಮೈದಾನದಲ್ಲಿ ಸೋಲಿಸಿ ಜೋನಲ್ ಫೈನಲ್‌ಗೆ ಬರುವ ಹೊತ್ತಿಗೆ ನನ್ನ ಬಳಿ ಉಳಿದವರು ಹನ್ನೊಂದೇ ಜನ. ಬದಲಿ ಆಟಗಾರರ ಬೆಂಚಿನ ಮೇಲೆ ನಾನೊಬ್ಬನೇ ಕೂರುತ್ತಿದ್ದೆ.

ಕ್ಯಾಪ್ಟನ್ ಅಂಬಾದಾಸ ಕಮಲನಗರದ ಕಡೆಯ ಹುಡುಗ. ಬೀದರಿನ ಚಿದ್ರಿ ಬಡಾವಣೆಯಲ್ಲಿ ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದ. ಆಡುತ್ತಿದ್ದದ್ದು ಸೆಂಟರ್ ಹಾಫ್: ನಡುವೆ ನಿಂತು ಹಿಂದಿನವರನ್ನೂ ಕಾಯಬೇಕು, ಮುಂದಿನವರಿಗೂ ಚೆಂಡು ಒದಗಿಸಬೇಕು. ಅವನ ಮನೆಯವರು ಆಗಲೇ ಹೈದರಾಬಾದಿಗೆ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದರು. ಇವನನ್ನು ಬಿಟ್ಟುಹೋದದ್ದು ಒಂದೇ ಕರಾರಿನ ಮೇಲೆ. ಫೈನಲ್ ನೋಡಲು ವಿಶ್ವವಿದ್ಯಾಲಯದ ಸೆಲೆಕ್ಟರ್ ಬರುತ್ತಾರೆ. ಅವರು ಆರಿಸಿದರೆ ಹಾಸ್ಟೆಲ್, ಊಟ, ಓದು ಎಲ್ಲ ಸಿಗುತ್ತದೆ. ಆರಿಸದಿದ್ದರೆ ಮರುದಿನವೇ ಅಪ್ಪನ ಬಳಿಗೆ ಹೋಗಬೇಕು.

ಫೈನಲ್ ಭಾಲ್ಕಿಯಲ್ಲಿ, ಮಧ್ಯಾಹ್ನ ಎರಡಕ್ಕೆ. ನಾವು ಹೋದಾಗ ಟ್ಯಾಂಕರೊಂದು ಮೈದಾನಕ್ಕೆ ನೀರು ಹೊಡೆಯುತ್ತಿತ್ತು. ಹುಡುಗರಿಗಾಗಿ ಅಲ್ಲ, ವೇದಿಕೆಯ ಮೇಲೆ ಧೂಳು ಏಳಬಾರದೆಂದು! ಕಾಂಪೌಂಡಿನಾಚೆ ಕೊಡ ಹಿಡಿದ ಹೆಂಗಸರು ಅದನ್ನು ಸುಮ್ಮನೆ ನೋಡುತ್ತಾ ನಿಂತಿದ್ದರು. ಟ್ಯಾಂಕರಿನವನೂ ಅವರ ಮುಖ ನೋಡಲಾಗದೆ ಬೆನ್ನು ತಿರುಗಿಸಿಕೊಂಡಿದ್ದ.

ಎರಡಕ್ಕೆ ಎರಡೂ ತಂಡಗಳನ್ನು ಸಾಲಾಗಿ ನಿಲ್ಲಿಸಿದರು. ಮುಖ್ಯ ಅತಿಥಿ ಬಂದು ಕೈ ಕುಲುಕಿ, ಮೊದಲ ಕಿಕ್ ಹೊಡೆದ ಮೇಲೆಯೇ ಆಟ. ಅತಿಥಿ ಒಬ್ಬ ರಾಜಕಾರಣಿ. ಮೂರಾಯಿತು, ನಾಲ್ಕಾಯಿತು. ಬರುತ್ತಿದ್ದಾರೆ, ದಾರಿಯಲ್ಲಿದ್ದಾರೆ ಎಂದು ಮೈಕಿನಲ್ಲಿ ಕೂಗುತ್ತಲೇ ಇದ್ದರು.

ನಾನು ಸಂಘಟಕರ ಬಳಿ ಹೋದೆ. "ಹುಡುಗ್ರು ಬೆಂದು ಹೋಗ್ಲತ್ತಾರ್ರಿ. ಆಟ ಸುರು ಮಾಡ್ರಿ, ಸಾಹೇಬ್ರು ಬಂದ್ಮ್ಯಾಲ ನಿಲ್ಸಿದ್ರಾಯ್ತು."

"ಏನ್ ಮಾತಾಡ್ತೀರಿ? ಮೊದಲ್ನೇ ಕಿಕ್ ಸಾಹೇಬ್ರುದು ಅದ. ಅವ್ರು ಬರೋತನಾ ಬಾಲ್ ಮುಟ್ಟಬ್ಯಾಡ್ರಿ."

ಸಾಹೇಬರು ಬಂದದ್ದು ಐದು ದಾಟಿದ ಮೇಲೆ. ಎಲ್ಲೋ ಮೇವಿನ ಕೇಂದ್ರ ಉದ್ಘಾಟಿಸಿ ಬಂದಿದ್ದರಂತೆ. ಹಾರ, ಶಾಲು, ಸ್ವಾಗತ ಭಾಷಣ ಎಲ್ಲ ಆಯಿತು. ಆಮೇಲೆ ಅವರು ಮೈಕ್ ಹಿಡಿದು, ಕ್ರೀಡೆಯಿಂದ ಯುವಕರು ಸಮಯಪಾಲನೆ ಕಲಿಯಬೇಕು ಎಂದರು. ನಾಚಿಕೆ ಎಂಬುದು ಆ ವೇದಿಕೆಯ ಹತ್ತಿರವೂ ಸುಳಿಯಲಿಲ್ಲ. ಅವರು ಒದ್ದ ಚೆಂಡು ಅಡ್ಡಾದಿಡ್ಡಿ ಉರುಳಿತು, ಚಪ್ಪಾಳೆ ಬಿತ್ತು, ಕಾರು ಹೊರಟಿತು. ಚಳಿಗಾಲದ ಸಂಜೆ, ಅಷ್ಟರಲ್ಲಿ ಈ ಕಡೆಯ ಗೋಲಿನಿಂದ ಆ ಕಡೆಯ ಗೋಲು ಕಾಣದಷ್ಟು ಮಬ್ಬಾಗಿತ್ತು.

ಟಾಸ್ ಹಾಕಿ ವಿಜೇತರನ್ನು ಘೋಷಿಸುವುದೆಂದು ಸಂಘಟಕರು ತೀರ್ಮಾನಿಸಿದರು. ನಾಳೆ ಬೆಳಿಗ್ಗೆ ಆಡಿಸಿ ಎಂದು ನಾನು ಕೂಗಾಡಿದೆ. ಶಾಮಿಯಾನ ಬಿಚ್ಚಬೇಕು, ಸೆಲೆಕ್ಟರಿಗೆ ಬಸ್ಸಿದೆ ಎಂದರು. ಅಂಬಾದಾಸನಿಗೆ ಟಾಸ್‌ಗೆ ಹೋಗಬೇಡ ಎಂದೆ. ನಮ್ಮ ಪರವಾಗಿ ಸಂಘಟಕರೇ ಹೆಡ್ ಎಂದು ಕೂಗಿಕೊಂಡರು. ಟೇಲ್ ಬಿತ್ತು. ನಾವು ಸೋತೆವು.

ಸೆಲೆಕ್ಟರ್ ಗೆದ್ದ ತಂಡದಿಂದ ಐದು ಜನರನ್ನು ಆರಿಸಿದರು. ನಮ್ಮಿಂದ ಒಬ್ಬರೂ ಇಲ್ಲ.

"ಒಂದು ನಿಮಿಷನೂ ಆಟ ನೋಡಿಲ್ಲ, ಹ್ಯಾಂಗ ಆರಿಸಿದ್ರಿ?" ಎಂದು ಅವರನ್ನು ಅಡ್ಡಗಟ್ಟಿದೆ.

"ರಿಸಲ್ಟ್ ನೋಡಿ ಆರಿಸ್ತೇವ್ರಿ" ಎಂದು ಬ್ಯಾಗು ಎತ್ತಿಕೊಂಡರು.

ಬಸ್ ನಿಲ್ದಾಣದಲ್ಲಿ ಅಂಬಾದಾಸ ಜೆರ್ಸಿ ಬಿಚ್ಚಿ ಮಡಿಚಿದ. ಅದಕ್ಕೆ ಒಂದಿಷ್ಟು ಮಣ್ಣೂ ಹತ್ತಿರಲಿಲ್ಲ. "ಆಡಿ ಸೋತಿದ್ರ ಸುಮ್ನ ಹೋಗ್ತಿದ್ದೆರಿ ಸರ್" ಎಂದ. "ಆಡ್ಲಾರ್ದೆ ಸೋತೇನಿ ಅಂತ ಅಪ್ಪಗ ಹ್ಯಾಂಗ ಹೇಳ್ಲಿ?" ಮರುದಿನ ಅವನು ಹೈದರಾಬಾದಿಗೆ ಹೋದ, ಮತ್ತೆ ಕಾಲೇಜಿಗೆ ಬರಲಿಲ್ಲ. ನಾನು ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಟೆ. ಟೂರ್ನಿ ಯಶಸ್ವಿಯಾಗಿ ನಡೆದಿದೆ ಎಂಬ ಉತ್ತರ ಬಂತು.

ಮುಂದೆ ಜೋನಲ್ ಟೂರ್ನಿಯ ಹೊಣೆ ನನ್ನ ಹೆಗಲಿಗೆ ಬಂದಾಗ ಒಂದೇ ನಿಯಮ ಮಾಡಿದೆ. ಹೇಳಿದ ಹೊತ್ತಿಗೆ ಸೀಟಿ ಊದಬೇಕು. ಯಾರಾದರೂ ಬರಲಿ, ಬಿಡಲಿ. ಮುನಿಸಿಕೊಂಡ ಅತಿಥಿಗಳಿಂದ ಬೈಸಿಕೊಂಡೆ, ಮೆಮೋ ತಿಂದೆ. ಆಟ ಆಡುವವರದು, ನಮ್ಮ ನೌಕರಿ ಅದನ್ನು ಕಾಯುವುದು ಎಂದು ಈ ಕೆಲಸ ನನಗೆ ಕಲಿಸಿತ್ತು. ಪ್ರತಿ ವರ್ಷ ಫೈನಲ್ ದಿನ ಅಂಬಾದಾಸನ ಫೋನ್ ಬರುತ್ತಿತ್ತು. ಯಾರು ಗೆದ್ದರು ಎಂದು ಅವನು ಕೇಳುತ್ತಿರಲಿಲ್ಲ. "ಟೈಮಿಗಿ ಸುರು ಆಯ್ತೇನ್ರಿ ಸರ್?" ಎಂದಷ್ಟೇ ಕೇಳುತ್ತಿದ್ದ. ಆಯ್ತಪ್ಪ ಎಂದರೆ ಸಾಕು, ಫೋನ್ ಇಡುತ್ತಿದ್ದ.

ನಿವೃತ್ತನಾದ ಮರುವರ್ಷ ನನ್ನನ್ನೂ ಫೈನಲ್‌ಗೆ ಕರೆದು ವೇದಿಕೆಯ ಮೇಲೆ ಕೂರಿಸಿದರು. ಫೋನ್ ಬಂತು. ಅದೇ ಪ್ರಶ್ನೆ.

"ಇಲ್ಲಪ್ಪ, ಸಾಹೇಬ್ರು ಇನ್ನಾ ಬಂದಿಲ್ಲ" ಎಂದೆ.

ಅವನು ಮತ್ತೆ ಕೇಳಿದ. "ಹುಡುಗ್ರು ಬಿಸಿಲಾಗ ನಿಂತಾರೇನ್ರಿ?"

"ನಿಂತಾರ."

"ಮತ್ತ ನೀವ್ ಯಾಕ ಕುಂತೀರಿ ಸರ್?"

ನನಗೆ ಹೊದಿಸಿದ್ದ ಶಾಲನ್ನು ಕುರ್ಚಿಯ ಮೇಲಿಟ್ಟು, ರೆಫರಿಯನ್ನು ಹುಡುಕುತ್ತಾ ಮೈದಾನಕ್ಕಿಳಿದೆ.