ಮಗ್ಗ ನಿಂತ ಬೆಳಗು

ಸೋಮನೂರಿನ ನಮ್ಮ ಪಕ್ಕದ ಮನೆಯಾಕೆ ಆರು ಪವರ್‌ಲೂಮುಗಳ ನಡುವೆ ನಿಂತೇ ಯುರೋಪಿನ ಕ್ಲಬ್ಬುಗಳ ಫುಟ್‌ಬಾಲ್ ಕಪ್ ನೋಡುತ್ತಿದ್ದಳು. ಬೆಳಿಗ್ಗೆ ಮರುಪ್ರಸಾರ ಶುರುವಾದರೆ ಫೋನನ್ನು ನೂಲಿನಿಂದ ಮಗ್ಗಕ್ಕೆ ಕಟ್ಟುವಳು. ಆ ಗದ್ದಲದಲ್ಲಿ ಕೂಗಿದರೆ ಯಾರಿಗೆ ಕೇಳಬೇಕು? ತನ್ನ ತಂಡ ಗೋಲು ಹೊಡೆದಾಗ ಬಾಗಿಲಿಗೆ ಬಂದು ಎಷ್ಟಾಯಿತೆಂದು ಬೆರಳೆತ್ತಿ ತೋರಿಸುವಳು. ಫಲಿತಾಂಶವನ್ನು ಮೊದಲೇ ಹೇಳಿಬಿಟ್ಟವರೊಡನೆ ಎರಡು ದಿನ ಮಾತಿಲ್ಲ.

ಆ ಕಪ್‌ನಲ್ಲಿ ಫೈನಲ್‌ಗೆ ಮುಂಚಿನ ಸುತ್ತುಗಳಲ್ಲಿ ಅದೇ ಎದುರಾಳಿಯೊಡನೆ ಎರಡೆರಡು ಆಟ. ಎರಡರ ಗೋಲುಗಳನ್ನೂ ಕೂಡಿಸಿಯೇ ಗೆಲುವು. ಅದು ಅವಳಿಗೆ ಎಷ್ಟು ಹಿಡಿಸಿತ್ತೆಂದರೆ, ಅವಳ ಎಳೆ ಹರಿದರೂ ನನ್ನ ಪಲ್ಯ ಸೀದರೂ ಒಂದೇ ಮಾತು: "ಇರಲಿ ಅಮ್ಮಿಣಿ, ಇನ್ನೊಂದು ಆಟ ಐತಲ್ಲ!"

ಆ ವರ್ಷ ಕ್ವಾರ್ಟರ್‌ಫೈನಲಿನ ಮೊದಲ ಆಟದಲ್ಲಿ ಅವಳ ತಂಡ ಎರಡು ಗೋಲುಗಳಿಂದ ಸೋತಿತು. ವಾರವಿಡೀ ಬೀದಿಯೆಲ್ಲ ಗೇಲಿ ಮಾಡಿತು. ಅವಳು ಅದೇ ಮಾತು ಹೇಳಿ ನಕ್ಕಳು.

ಎರಡನೆಯ ಆಟದ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಊಟದ ಹೊತ್ತಿಗೂ ನಿಲ್ಲದ ಆ ಆರೂ ಮಗ್ಗಗಳು ಒಮ್ಮೆಲೇ ನಿಂತವು.

"ಕರೆಂಟ್ ಹೋಯ್ತಾ?" ಎಂದರು ಅತ್ತೆ.

ತಲೆಯೆತ್ತಿ ನೋಡಿದೆ. ನಮ್ಮ ಫ್ಯಾನ್ ತಿರುಗುತ್ತಲೇ ಇತ್ತು.

ಪಿಸುಗುಟ್ಟಿದರೂ ಕೇಳುವಷ್ಟು ಮೌನ. ಆದರೂ ಕಾಂಪೌಂಡ್ ಗೋಡೆಯ ಮೇಲೆ ಮೂರು ಬೆರಳು ಎದ್ದವು.