ಅಕ್ಕನಿಗೆ ಕಳಿಸದ ಕ್ಯಾಸೆಟ್

ಅಕ್ಕನ ಮಗಳು ಸಿನಿಮಾ ಮಾಡಲು ಮೈಸೂರಿಗೆ ಬರುತ್ತಾಳೆಂದು ತಿಳಿದ ದಿನದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ, ಅದರೊಳಗೆ ಒಂದು ಕ್ಯಾಸೆಟ್. ಬೆಳಿಗ್ಗೆ ಅದನ್ನು ಮೇಲಿನ ಖಾನೆಗಿಟ್ಟೆ. ಸಂಜೆ ಮತ್ತೆ ಕೆಳಗಿಟ್ಟೆ. ಸಿಲ್ಲಿ ಓಲ್ಡ್ ವುಮನ್ ಎಂದು ನನ್ನನ್ನೇ ಬೈದುಕೊಂಡೆ.

ಅವಳು ಹುಟ್ಟಿದ್ದು ಜಾಂಬಿಯಾದಲ್ಲಿ, ಬೆಳೆದದ್ದು ಇಂಗ್ಲೆಂಡಿನಲ್ಲಿ. ಐವತ್ತರ ಹತ್ತಿರ ಬಂದ ಮೇಲೆ ಇದು ಅವಳ ಮೊದಲ ಚಿತ್ರ.

"ಇಂಡಿಪೆಂಡೆಂಟ್ ಫಿಲ್ಮ್ ಅಂದ್ರೆ ಏನೇ?" ಎಂದು ಕೇಳಿದೆ.

"ದುಡ್ಡಿಲ್ಲ ಅಂತ, ಚಿಕ್ಕಮ್ಮ," ಎಂದು ನಕ್ಕಳು.

ದಟ್ಟಗಳ್ಳಿಯ ನನ್ನ ಮನೆ ನೋಡಿ ಅವಳ ಮುಖ ಸಪ್ಪಗಾಯಿತು. "ಜಗಲಿ ಇಲ್ವಾ?"

"ಜಗಲಿ ಇದ್ದ ಮನೆ ಮಾರಿ ಇಪ್ಪತ್ತು ವರ್ಷ ಆಯ್ತು. ಇಲ್ಲಿ ಲಿಫ್ಟ್ ಇದೆ, ಬೇಕಾದ್ರೆ ಅದರ ಪಿಕ್ಚರ್ ತೆಗಿ."

ಚಿತ್ರದ ಕಥೆ ಇಷ್ಟೇ. ತಾಯಿ ತೀರಿಕೊಂಡ ಮೇಲೆ ಮಗಳೊಬ್ಬಳು ತಾಯಿಯ ಊರಿಗೆ ಬರುತ್ತಾಳೆ. ಸಾಯುವ ತನಕ ಮೈಸೂರು ಮೈಸೂರು ಎಂದು ಜಪಿಸಿದ ಅಮ್ಮ ಯಾಕೆ ವಾಪಸು ಬರಲಿಲ್ಲ ಎನ್ನುವುದು ಅವಳ ಪ್ರಶ್ನೆ. ಕಥೆ ಎಂದೇ ಅವಳು ಹೇಳಿದಳು. ಅಕ್ಕ ತೀರಿಹೋಗಿ ಆಗ ನಾಲ್ಕು ವರ್ಷವಾಗಿತ್ತು.

"ನನ್ನ ಹತ್ರ ಅಮ್ಮನ ಇಂಗ್ಲಿಷ್ ಬೇಕಾದಷ್ಟಿದೆ ಚಿಕ್ಕಮ್ಮ, ಫೋನ್ ತುಂಬಾ ಇದೆ. ಕನ್ನಡ ಒಂದು ಲೈನ್ ಕೂಡ ಇಲ್ಲ. ಶೀ ನೆವರ್ ಸ್ಪೋಕ್ ಇಟ್ ವಿತ್ ಮಿ. ನೀವಿಬ್ರೂ ಕ್ಯಾಸೆಟ್ ಕಳಿಸ್ತಿದ್ರಂತಲ್ಲ, ಇದೆಯಾ?"

"ಮನೆ ಬದಲಾಯಿಸುವಾಗ ಕಳೆದುಹೋಯ್ತು ಕಣಮ್ಮ," ಎಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಆ ಮಾತು!

ಆ ಕ್ಯಾಸೆಟ್ಟಿನ ವಿಷಯ ಹೇಳಬೇಕು. ನಮ್ಮಮ್ಮನ ಕಣ್ಣಿಗೆ ಪೊರೆ ಬಂದು ಕಾಗದ ಓದಲಾಗದೆ ಹೋದಾಗ, ಜಾಂಬಿಯಾದಲ್ಲಿ ಮೇಷ್ಟರಾಗಿದ್ದ ಭಾವನ ಟೇಪ್ ರೆಕಾರ್ಡರಿನಲ್ಲಿ ಅಕ್ಕ ಮಾತಾಡಿ ಕಳಿಸತೊಡಗಿದಳು. ರಜೆಗೆ ಬರುವವರು ತಂದು ಕೊಡುತ್ತಿದ್ದರು, ವಾಪಸು ಹೋಗುವಾಗ ಒಯ್ಯುತ್ತಿದ್ದರು. ಇದ್ದದ್ದು ಒಂದೇ ಕ್ಯಾಸೆಟ್. ನಮ್ಮ ಬೀದಿಯಲ್ಲಿ ಪಕ್ಕದ ಮನೆಯ ಡಬ್ಬಿಯನ್ನು ಯಾರೂ ಖಾಲಿ ಹಿಂದಿರುಗಿಸುತ್ತಿರಲಿಲ್ಲ. ಅವರ ಚಕ್ಕುಲಿ ತಿಂದು, ತೊಳೆದು, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಕ್ಯಾಸೆಟ್ಟೂ ನಮಗೆ ಅಂಥದ್ದೇ ಡಬ್ಬಿ. ಅವಳ ಮಾತು ಕೇಳಿ, ಅದರ ಮೇಲೆಯೇ ನಮ್ಮದನ್ನು ತುಂಬಿ ಕಳಿಸುವುದು. ಅವಳ ಮಾತು ಅಳಿಯುತ್ತದೆ ಎಂದು ಆಗ ಇಬ್ಬರಿಗೂ ಅನಿಸಲಿಲ್ಲ. ತಿಂದ ಚಕ್ಕುಲಿಗೆ ಯಾರು ಅಳುತ್ತಾರೆ?

ಕೊನೆಯ ಸಲ ಬಂದ ಕ್ಯಾಸೆಟ್ಟಿನಲ್ಲಿ ಅಕ್ಕ ನನ್ನನ್ನು ಒಂದು ಮಾತು ಕೇಳಿದ್ದಳು. ಅದಕ್ಕೆ ನಾನು ರೆಕಾರ್ಡ್ ಮಾಡಿದ ಉತ್ತರ ಡಬ್ಬಿಯಲ್ಲಿತ್ತು.

ವಾರವೆಲ್ಲ ಆ ಡಬ್ಬಿ ಬೀರುವಿನಿಂದ ದೇವರ ಮನೆಗೆ, ಅಲ್ಲಿಂದ ಹಾಸಿಗೆಯ ಕೆಳಗೆ ಓಡಾಡಿತು. ಕೆಲಸಕ್ಕೆ ಬರುವವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನ್ ಅಮ್ಮಾರೆ, ಬೆಕ್ಕು ಮರಿ ಕಚ್ಕೊಂಡು ಏಳು ಮನೆ ತಿರುಗ್ದಂಗೆ ತಿರುಗಿಸ್ತಾ ಇದ್ದೀರಲ್ಲ ಅದನ್ನ! ಕೊಡಂಗಿದ್ರೆ ಕೊಟ್ಬುಡಿ. ಇಲ್ಲ, ಕಸದ ಗಾಡಿ ಬಂದಾಗ ಆಕ್ಬುಡಿ."

"ನಿನ್ನ ಕೆಲಸ ನೋಡ್ಕೊಳೇ," ಎಂದೆ. ನಾನು ಓದಿದ ಕಾನ್ವೆಂಟಿನಲ್ಲಿ, ಕ್ರಿಶ್ಚಿಯನ್ ಹುಡುಗಿಯರು ಕ್ಯಾಟಿಕಿಸಮ್ ಎಂಬ ಧರ್ಮಪಾಠಕ್ಕೆ ಹೋದಾಗ ನಮಗೆ ಮಾರಲ್ ಸೈನ್ಸ್ ಇರುತ್ತಿತ್ತು. ಮಾಡಿದ್ದಷ್ಟೇ ಪಾಪವಲ್ಲ, ಮಾಡದೆ ಬಿಟ್ಟದ್ದೂ ಪಾಪ ಎಂದು ಸಿಸ್ಟರ್ ಹೇಳುತ್ತಿದ್ದರು. ಅದರ ಎಕ್ಸಾಮಿನಲ್ಲಿ ನಾನೇ ಫಸ್ಟ್.

ಕ್ಯಾಸೆಟ್ ಇಲ್ಲವೆಂದ ಮೇಲೆ ಅಕ್ಕನ ಮಗಳು ಬೇರೆ ದಾರಿ ಹಿಡಿದಳು. ನಾಟಕದ ಹೆಂಗಸೊಬ್ಬರಿಂದ ತನ್ನ ಅಮ್ಮನ ದನಿ ರೆಕಾರ್ಡ್ ಮಾಡಿಸುವುದು, ನಮ್ಮ ಮನೆಯ ಕನ್ನಡ ಕಲಿಸಿಕೊಡಲು ನಾನು ಪಕ್ಕದಲ್ಲಿ ಕೂರುವುದು. ಶೂಟಿಂಗಿಗೆಂದು ಬಾಡಿಗೆಗೆ ಹಿಡಿದ ಹಂಚಿನ ಮನೆಯಲ್ಲಿ ಜಗಲಿಯಂತೂ ಇತ್ತು. ಆ ಹೆಂಗಸು ಕಣ್ಣು ಮುಚ್ಚಿ ಶುರು ಮಾಡಿದರು: "ತಂಗೀ, ನಮ್ಮೂರ ಮಣ್ಣಿನ ಕಂಪು ನನ್ನನ್ನು ಕರೆಯುತ್ತಿದೆ..."

"ನಿಲ್ಲಿಸಿ ತಾಯಿ," ಎಂದೆ. "ನಮ್ಮಕ್ಕ ಮಣ್ಣು ಮೂಸಿದವಳಲ್ಲ. ಅವಳಿಗೆ ಡಸ್ಟ್ ಅಲರ್ಜಿ."

ಎಲ್ಲರೂ ನಕ್ಕರು. ಅಕ್ಕನ ಮಗಳು ನಗಲಿಲ್ಲ. "ಮತ್ತೆ ಹೇಗೆ ಮಾತಾಡ್ತಿದ್ಲು? ಟೆಲ್ ಮಿ, ಚಿಕ್ಕಮ್ಮ. ನನಗೆ ಗೊತ್ತಿಲ್ವಲ್ಲ!"

ಆ ಕೊನೆಯ ಮಾತನ್ನು ಅವಳು ಹೇಳಿದ ರೀತಿಯನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಅವಳನ್ನು ಜಗಲಿಗೆ ಕರೆದುಕೊಂಡು ಹೋದೆ.

"ಕ್ಯಾಸೆಟ್ ಕಳೆದಿಲ್ಲ ಕಣೇ. ಬೀರುವಿನಲ್ಲಿದೆ. ಆದ್ರೆ ಅದರಲ್ಲಿ ನಿಮ್ಮಮ್ಮ ಇಲ್ಲ. ನಾನಿದ್ದೀನಿ."

ಸಂಜೆ ಮನೆಗೆ ಪ್ಲೇಯರ್ ತಂದಳು. ನನ್ನ ಮೂವತ್ತೈದರ ದನಿ ಹೊರಬಿತ್ತು. ಎಲೊಕ್ಯೂಷನ್ ಸ್ಪರ್ಧೆಯಲ್ಲಿ ಕಪ್ ಗೆದ್ದ ಸ್ಪಷ್ಟ ದನಿ:

"ಬರಬೇಡ. ನೀನು ಬಂದು ಹೋದ ಮೇಲೆ ಒಂದು ತಿಂಗಳು ಅಮ್ಮ ನನ್ನ ಕೈಯೂಟ ಮುಟ್ಟೋಲ್ಲ. ನೀನು ತಂದ ನೈಲಾನ್ ಸೀರೆನ ಮನೆಗೆ ಬಂದೋರಿಗೆಲ್ಲ ತೋರಿಸ್ತಾಳೆ. ಬೆಡ್‌ಪ್ಯಾನ್ ಎತ್ತೋಳು ನಾನು. ಮದುವೆ ಬೇಡ ಅಂದು ಕೂತೋಳು ನಾನು. ಈಗ ನೀನು ಬಂದು ಒಳ್ಳೆ ಮಗಳಾಗ್ತೀಯಾ? ಬರಬೇಡ, ಅಲ್ಲೇ ಇರು."

ಅವಳು ಅದನ್ನು ಎರಡು ಸಲ ಕೇಳಿದಳು.

"ಅಮ್ಮ ಏನು ಕೇಳಿದ್ಲು?"

"ಭಾವನ ಕಾಂಟ್ರ್ಯಾಕ್ಟ್ ಮುಗೀತಿತ್ತು. ಇಂಗ್ಲೆಂಡಿಗೆ ಹೋಗೋದಾ, ಮೈಸೂರಿಗೆ ಬರೋದಾ ಅಂತ ಕೇಳಿದ್ದಳು."

"ಇದನ್ನ ಕಳಿಸಿದ್ರಾ?"

"ಇಲ್ಲ. ಜಾಂಬಿಯಾಗೆ ಹೋಗೋರು ಬಂದ್ರು, ರೆಡಿ ಆಗಿಲ್ಲ ಅಂದೆ. ಇನ್ನೊಬ್ಬರು ಬಂದ್ರು, ಅವರಿಗೂ ಅದನ್ನೇ ಹೇಳಿದೆ. ಆಮೇಲೆ ನಿಮ್ಮಮ್ಮನ ಕಾಗದ ಬಂತು, ಇಂಗ್ಲೆಂಡಿನ ಅಡ್ರೆಸ್ಸಿಂದ. ಕ್ಯಾಸೆಟ್ ವಿಷಯ ಅವಳು ಎತ್ತಲಿಲ್ಲ. ಒಂದು ಮಾತನ್ನ ಎರಡು ಸಲ ಕೇಳೋ ಪೈಕಿ ಅಲ್ಲ ಅವಳು. ನಾನೂ ಎತ್ತಲಿಲ್ಲ. ನಮ್ಮಮ್ಮ ಸತ್ತಾಗ ಬಂದಳು, ಹದಿನೈದು ದಿನ ಒಂದೇ ರೂಮಲ್ಲಿ ಮಲಗಿದ್ವಿ. ಆಗಲೂ ಎತ್ತಲಿಲ್ಲ."

"ಮೈಸೂರಿಂದ ಯಾರು ಬಂದ್ರೂ ಅಮ್ಮ ಕೇಳ್ತಿದ್ಲು, ನನ್ ತಂಗಿ ಏನಾದ್ರೂ ಕೊಟ್ಲಾ ಅಂತ. ನಾನು ಉಪ್ಪಿನಕಾಯಿ ಅಂದ್ಕೊಂಡಿದ್ದೆ." ಅವಳು ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು, ಪ್ಲೇಯರ್ ಎತ್ತಿಕೊಂಡು, ಚಪ್ಪಲಿ ಮೆಟ್ಟಿ, ಬರುತ್ತೇನೆ ಎಂದೂ ಹೇಳದೆ ಹೋದಳು.

ಎರಡು ದಿನ ಫೋನಿಲ್ಲ. ನಾನು ಟೆರೇಸಿಗೆ ಹತ್ತಿ ಇಳಿದೆ, ಹತ್ತಿ ಇಳಿದೆ. ಬೆಟ್ಟದ ಕಡೆ ನೋಡಿ ಕೈಮುಗಿಯಲು ಹೋದರೆ ಏನು ಬೇಡಬೇಕೆಂದೇ ತಿಳಿಯಲಿಲ್ಲ. ಕ್ಷಮಿಸು ಎನ್ನಲೇ? ಕ್ಷಮಿಸಬೇಕಾದವಳು ಹೊರಟುಹೋಗಿದ್ದಾಳೆ. ಟು ಬಿ ಫ್ರ್ಯಾಂಕ್, ಆ ಸಿಟ್ಟು ಸುಳ್ಳಾಗಿರಲಿಲ್ಲ. ಕಳಿಸಿದ್ದರೆ ನನ್ನ ಪಾಡು ತಿಳಿದು ಅಕ್ಕ ನಾಲ್ಕು ಮಾತು ಬೈದು, ಗಂಟುಮೂಟೆ ಕಟ್ಟಿಕೊಂಡು ಬಂದೇಬಿಡುತ್ತಿದ್ದಳು. ಅದೂ ನನಗೆ ಆಗಲೇ ಗೊತ್ತಿತ್ತು.

ಮೂರನೆಯ ಬೆಳಿಗ್ಗೆ ಅವಳು ಮೈಕ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿತ್ತು.

"ಅಮ್ಮನ ಮಾತು ಅಳಿಸೋ ಮೊದಲು ಎಷ್ಟು ಸಲ ಕೇಳಿದ್ರಿ?"

"ಲೆಕ್ಕ ಇಟ್ಟಿಲ್ಲ. ಬಾಯಿಪಾಠ ಆಗೋಷ್ಟು."

"ಹಾಗಾದ್ರೆ ಹೇಳಿ. ಆ್ಯಕ್ಟ್ ಮಾಡ್ಬೇಡಿ, ಸುಮ್ನೆ ಹೇಳಿ."

ಫ್ಯಾನ್ ಆರಿಸಿದೆವು. ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ಅಡುಗೆಮನೆಯ ಬಾಗಿಲಿಗೆ ಬಂದಳು. ಅಕ್ಕನದೂ ನನ್ನದೂ ದನಿ ಒಂದೇ. ಫೋನಿನಲ್ಲಿ ಭಾವನೇ ಮೋಸಹೋಗುತ್ತಿದ್ದರು. ನಾನು ಅಕ್ಕನ ಮಾತನ್ನು ಹೇಳತೊಡಗಿದೆ.

"ಅಮ್ಮನಿಗೆ ರಾತ್ರಿ ಮೊಸರು ಕೊಡ್ಬೇಡ, ಕೆಮ್ಮು ಬರತ್ತೆ. ನೋಡೇ, ಇವರಿಗೆ ಇಂಗ್ಲೆಂಡಲ್ಲಿ ಕೆಲಸ ಸಿಕ್ಕಿದೆ. ಹೋಗೋಣ ಅಂತಾರೆ. ನನಗೆ ಬೇಡ. ಮನೆ ಹತ್ರಾನೇ ಎರಡು ರೂಮಿಂದು ಬಾಡಿಗೆಗೆ ಇದ್ರೆ ನೋಡಿಡು. ಅಮ್ಮನ್ನ ಒಂದು ವಾರ ನೀನು, ಒಂದು ವಾರ ನಾನು ನೋಡ್ಕೊಳೋಣ. ನೀನೂ ಎಲ್ಲಾದ್ರೂ ಹೋಗಿ ಬಾರೆ, ಒಂದು ಸಿನಿಮಾನಾದ್ರೂ ನೋಡು. ನಿನಗೆ ಇಷ್ಟ ಇಲ್ದಿದ್ರೆ, ಬೇಡ ಅಂತಾದ್ರೂ ಹೇಳ್ಬಿಡು. ಸುಮ್ಮನೆ ಮಾತ್ರ ಇರ್ಬೇಡ ಕಣೇ."

ಒಂದು ವಾರ ನೀನು, ಒಂದು ವಾರ ನಾನು. ಅಷ್ಟು ಸಲ ಕೇಳಿದ್ದೆ, ಆದರೆ ಆಗ ನನ್ನ ಕಿವಿಗೆ ಬಿದ್ದದ್ದು ಮೊಸರು ಕೊಡಬೇಡ ಎಂಬ ಅಪ್ಪಣೆಯೊಂದೇ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದೆ. ಅವಳು ಮೈಕ್ ತೆಗೆಯಲಿಲ್ಲ, ನನ್ನ ಕೈಯನ್ನೂ ಹಿಡಿಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿದ್ದ ಕೆಲಸದವಳು ಮಾತ್ರ "ಅಯ್ಯೋ ಸಿವ್ನೆ" ಎಂದಳು. ಅದೂ ರೆಕಾರ್ಡ್ ಆಗಿರಬೇಕು.

ಇಂಗ್ಲೆಂಡಿಗೆ ಹೊರಡುವಾಗ ಅವಳು ಕ್ಯಾಸೆಟ್ಟನ್ನು ಕೇಳಿ ತೆಗೆದುಕೊಂಡಳು. ಡಬ್ಬಿ ಸಮೇತ ಕೊಟ್ಟೆ. ಚಿತ್ರದಲ್ಲಿ ನನ್ನ ಬೈಗುಳ ಇರುತ್ತದೋ, ಅಕ್ಕನ ಮಾತು ಇರುತ್ತದೋ, ಎರಡೂ ಇರುವುದಿಲ್ಲವೋ, ಅವಳು ಹೇಳಲಿಲ್ಲ. "ಎಡಿಟಲ್ಲಿ ನೋಡ್ತೀನಿ," ಎಂದಳು. ಮೂರು ತಿಂಗಳಾಯಿತು. ಕೆಳಗಿನ ಮನೆಯವರ ಮಗಳು ಲಂಡನ್ನಿನಿಂದ ಬಂದಾಗ, ನನಗೆ ಯಾರಾದರೂ ಏನಾದರೂ ಕೊಟ್ಟಿದ್ದಾರಾ ಎಂದು ಕೇಳಿಯೇಬಿಟ್ಟೆ. ಆ ಹುಡುಗಿಗೂ ಅಕ್ಕನ ಮಗಳಿಗೂ ಪರಿಚಯವೇ ಇಲ್ಲ.

"ಫೋನ್ ಬಂತಾ ಅಮ್ಮಾರೆ?" ಎಂದು ಕೆಲಸದವಳು ದಿನಾ ಕೇಳುತ್ತಾಳೆ. ಇವತ್ತು ಕೇಳುವುದರ ಜೊತೆಗೆ, "ನೀವೇ ಮಾಡ್ಬುಡಿ, ಏನ್ ಅಣೇಬರಾನೋ ಗೊತ್ತಾಗೋಗ್ಲಿ," ಎಂದಳು.

ಕರೆ ಮಾಡುವ ಧೈರ್ಯ ಬರಲಿಲ್ಲ. ವಾಟ್ಸಾಪಿನಲ್ಲಿ ಅವಳಿಗೆ ಟೈಪ್ ಮಾಡಿ ಕಳಿಸಿದೆ: "ಬೇಡ ಅಂತಾದ್ರೂ ಹೇಳ್ಬಿಡು. ಸುಮ್ಮನೆ ಮಾತ್ರ ಇರ್ಬೇಡ ಕಣೇ."

ಟಿಕ್ ಎರಡೂ ನೀಲಿಯಾದವು, ಓದಿದ್ದಾಳೆ. ಟೈಪಿಂಗ್ ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಒಳಗೆ ಕುಕ್ಕರ್ ಐದನೆಯ ಸಲ ಕೂಗಿದರೂ ನಾನು ಏಳಲಿಲ್ಲ.